ಎರಡು ಸಾಮಿನ ನಡುವಿನ ದಿನ



ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಕಟಣೆ ಹೊರಬಿತ್ತೆಂದರೆ ನಮ್ಮ ತಾಲ್ಲೂಕು ಕ್ರೀಡಾಂಗಣಗಳಿಗೆ ಬೆಳಗಿನ ಐದಕ್ಕೇ ಜೀವ ಬರುತ್ತದೆ. ಕತ್ತಲು ಹರಿಯುವ ಮುಂಚೆಯೇ ಸುತ್ತಲ ಹಳ್ಳಿಗಳಿಂದ ಬೈಕುಗಳಲ್ಲಿ ಹುಡುಗರು ಬಂದಿಳಿಯುತ್ತಾರೆ. ಈಚೀಚೆಗೆ ಅಣ್ಣನನ್ನೋ ಅಪ್ಪನನ್ನೋ ಜೊತೆಗೆ ಕರೆದುಕೊಂಡು ಹೆಣ್ಣುಮಕ್ಕಳೂ ಬರುತ್ತಿದ್ದಾರೆ. ಓಟ, ಜಿಗಿತ, ಗುಂಡೆಸೆತ ಮೂರರಲ್ಲೂ ಗೆದ್ದರೆ ಮಾತ್ರ ಕೆಲಸದ ಆಸೆ. ಹಾಗಾಗಿ ಬೆಳಿಗ್ಗೆ 1600 ಮೀಟರ್ ಓಡಿ, ಮರಳಿನ ಗುಂಡಿಗೆ ಜಿಗಿದು, ಗುಂಡು ಎಸೆದು ಮನೆಗೆ ಹೋದವರು ಸಂಜೆ ಮತ್ತೆ ಜಿಮ್ಮಿನಲ್ಲಿ ಭಾರ ಎತ್ತುತ್ತಾರೆ. ಮರುದಿನವೂ ಅದೇ, ಭಾನುವಾರವೂ ಅದೇ. ದೈಹಿಕ ಶಿಕ್ಷಣ ಶಿಕ್ಷಕನಾಗಿ ಇಂಥ ಮಕ್ಕಳ ಜೊತೆ ಮೈದಾನದಲ್ಲಿ ನಿಂತು ಬಂದವನು ನಾನು. ಇವರಲ್ಲಿ ಶ್ರಮಕ್ಕೆ ಕೊರತೆ ಕಂಡದ್ದು ಬಹಳ ಅಪರೂಪ. ಕೊರತೆ ಇರುವುದು ವಾರದ ಲೆಕ್ಕಾಚಾರದಲ್ಲಿ.

ಒಬ್ಬ ಹುಡುಗ ಗುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಕೇಳಿದ. "ಸಾರ್, ಒಂದಿನಾನೂ ತಪ್ಪಿಸಿಲ್ಲ. ಮೊದಲು ಆ ಗೆರೆ ದಾಟಿ ಬೀಳ್ತಿತ್ತು, ಈಗ ಗೆರೆ ಹತ್ರಾನೂ ಹೋಗ್ತಿಲ್ಲ. ಇನ್ನೂ ಜಾಸ್ತಿ ಮಾಡಬೇಕಾ?"

ಎಸೆದು ತೋರಿಸು ಎಂದೆ. 7.26 ಕಿಲೋ ತೂಕದ ಗುಂಡು ಅದು. ಕತ್ತಿಗೆ ಒತ್ತಿ ಹಿಡಿಯುವಾಗಲೇ ಅವನ ಹೆಗಲು ಕಿವಿಯ ಕಡೆಗೆ ಏರುತ್ತಿತ್ತು. ಗುಂಡೆಸೆತದ ಬಲ ಹುಟ್ಟುವುದು ಕಾಲಿನಲ್ಲಿ. ಮೊಣಕಾಲು ಬಾಗಿ, ತೊಡೆ ನೆಲವನ್ನು ತಳ್ಳಿ, ಆ ತಳ್ಳು ಸೊಂಟದಿಂದ ಹೆಗಲಿಗೆ, ಹೆಗಲಿನಿಂದ ಬೆರಳಿಗೆ ಬರಬೇಕು. ಇವನ ಮೊಣಕಾಲು ಬಾಗುತ್ತಲೇ ಇರಲಿಲ್ಲ. ಬರೀ ಕೈಯಲ್ಲಿ ದೂಡುತ್ತಿದ್ದ.

"ನಿನ್ನೆ ಸಂಜೆ ಏನು ಮಾಡಿದೆಯಪ್ಪ?"

"ಲೆಗ್ಸ್ ಸಾರ್."

"ಮೊನ್ನೆ?"

"ಮೊನ್ನೇನೂ ಸ್ವಲ್ಪ ಲೆಗ್ಸ್ ಹೊಡೆದೆ, ಆಮೇಲೆ ಚೆಸ್ಟು."

ಎರಡು ದಿನ ಮೈದಾನಕ್ಕೂ ಬರಬೇಡ, ಜಿಮ್ಮಿಗೂ ಹೋಗಬೇಡ, ಹೊಟ್ಟೆ ತುಂಬ ಉಂಡು ಮಲಗು ಎಂದು ಕಳಿಸಿದೆ. ಶಿಕ್ಷೆ ಕೊಟ್ಟಂತೆ ಅವನ ಮುಖ ಬಾಡಿತು. ಮೂರನೆಯ ಬೆಳಿಗ್ಗೆ ಬಂದು ಎಸೆದಾಗ ಮೊಣಕಾಲು ತಾನಾಗಿಯೇ ಬಾಗಿತು, ಗುಂಡು ಹಳೆಯ ಗೆರೆ ದಾಟಿ ಬಿತ್ತು. ಎರಡೇ ದಿನದಲ್ಲಿ ಅವನಿಗೆ ಹೊಸ ಶಕ್ತಿಯೇನೂ ಬಂದಿರಲಿಲ್ಲ. ತಿಂಗಳುಗಟ್ಟಲೆ ಬೆವರು ಹರಿಸಿ ಗಳಿಸಿದ ಶಕ್ತಿಯನ್ನು ದಣಿವು ಮುಚ್ಚಿಟ್ಟಿತ್ತು, ಅಷ್ಟೇ. ದಣಿವು ಇಳಿಯಿತು, ಶಕ್ತಿ ಕಣ್ಣಿಗೆ ಬಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ವಾರದ ವ್ಯಾಯಾಮದ ಪಟ್ಟಿ ಬರೆಯಲು ಕೂತಾಗ ಮೊದಲು ಬಿಡುವಿನ ದಿನಗಳನ್ನು ಬರೆಯಿರಿ. ಭಾರ ಎತ್ತುವ ದಿನಗಳನ್ನು ಆಮೇಲೆ, ಉಳಿದ ಜಾಗದಲ್ಲಿ ತುಂಬಿಸಿ. ಸಾಮಾನ್ಯವಾಗಿ ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ.

ಭಾರ ಎತ್ತಿದಾಗ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಡಂಬೆಲ್ ಎತ್ತುವ ಹೊತ್ತಿನಲ್ಲಿ ಸ್ನಾಯು ಬೆಳೆಯುವುದಿಲ್ಲ. ಆ ಹೊತ್ತಿನಲ್ಲಿ ಅದು ಬಳಲುತ್ತದೆ, ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ, ಒಳಗೆ ಕೂಡಿಟ್ಟ ಗ್ಲೈಕೊಜೆನ್ ಎಂಬ ಇಂಧನ ಖರ್ಚಾಗುತ್ತದೆ. ಬೆಳವಣಿಗೆ ಶುರುವಾಗುವುದು ನಾವು ಭಾರ ಕೆಳಗಿಟ್ಟು ಮನೆಗೆ ಹೋದ ಮೇಲೆ. ಕೆನಡಾದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತರುಣರಿಂದ ಒಂದೇ ರಟ್ಟೆಗೆ ಜೋರಾದ ವ್ಯಾಯಾಮ ಮಾಡಿಸಿ, ಇನ್ನೊಂದು ರಟ್ಟೆಯನ್ನು ಸುಮ್ಮನೆ ಬಿಟ್ಟು, ಎರಡನ್ನೂ ಹೋಲಿಸಿ ನೋಡಿದರು. ನಾಲ್ಕು ಗಂಟೆಯ ಹೊತ್ತಿಗೆ ದುಡಿದ ರಟ್ಟೆಯಲ್ಲಿ ಹೊಸ ಪ್ರೋಟೀನು ಕಟ್ಟುವ ಕೆಲಸ ಸುಮಾರು ಒಂದೂವರೆ ಪಟ್ಟಾಗಿತ್ತು. 24 ಗಂಟೆಯ ಹೊತ್ತಿಗೆ ಎರಡು ಪಟ್ಟನ್ನೂ ಮೀರಿತ್ತು. 36 ಗಂಟೆಗೆ ಮತ್ತೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ವ್ಯಾಯಾಮಕ್ಕೆ ಹೊಸಬರಾದವರಲ್ಲಿ ಈ ಕೆಲಸ 48 ಗಂಟೆಯವರೆಗೂ ನಡೆಯುತ್ತದೆಂದು ಬೇರೆ ಅಧ್ಯಯನಗಳು ತೋರಿಸಿವೆ. ಒಂದೇ ಸ್ನಾಯುವಿಗೆ ಎರಡು ಜೋರಾದ ಸಾಮಿನ ನಡುವೆ 48 ಗಂಟೆಯ ಅಂತರ ಇರಲಿ ಎಂಬ ಮಾತು ಬಂದಿರುವುದು ಇಂಥ ಲೆಕ್ಕದಿಂದ.

ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಾರಸಿಗೆ ಕಾಂಕ್ರೀಟು ಹಾಕಿದ ದಿನ ನೂರು ಆಳು ಓಡಾಡಿದಂತೆ ಗದ್ದಲ. ಆದರೆ ತಾರಸಿ ಗಟ್ಟಿಯಾಗುವುದು ಆಮೇಲಿನ ದಿನಗಳಲ್ಲಿ, ಪಾತಿ ಕಟ್ಟಿ ನೀರು ನಿಲ್ಲಿಸಿ, ಅದರ ಪಾಡಿಗೆ ಅದನ್ನು ಬಿಟ್ಟಾಗ. ಮರುದಿನವೇ ಸೆಂಟ್ರಿಂಗ್ ಬಿಚ್ಚುವ ಮೇಸ್ತ್ರಿಯನ್ನು ಯಾರೂ ಕೆಲಸಗಾರ ಎನ್ನುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಹುಡುಗರು ಗಮನಿಸುವುದೇ ಇಲ್ಲ. ಮೈಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಎತ್ತುವ ತೂಕ ಸರಸರನೆ ಏರುತ್ತದಲ್ಲ, ಅದು ಬಹುಪಾಲು ನರಗಳ ಕೆಲಸ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ಮಿದುಳು ಕಲಿತಿರುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ದಪ್ಪವಾಗುವುದು ಅದರ ನಂತರ. ಎಲ್ಲಕ್ಕಿಂತ ನಿಧಾನ ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು. ಅದಕ್ಕೆ ರಕ್ತದ ಹರಿವು ಕಡಿಮೆ, ಗಟ್ಟಿಯಾಗಲು ತಿಂಗಳುಗಳು ಬೇಕು. ಎರಡು ತಿಂಗಳು ಚೆನ್ನಾಗಿ ಮಾಡಿದವನಿಗೆ ಇದ್ದಕ್ಕಿದ್ದಂತೆ ಮೊಣಕೈಯಲ್ಲೋ ಮಂಡಿಯ ಚಿಪ್ಪಿನ ಕೆಳಗೋ ನೋವು ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ಸ್ನಾಯು ಹೂಂ ಎನ್ನುತ್ತದೆ, ರಜ್ಜು ಇನ್ನೂ ತಯಾರಾಗಿರುವುದಿಲ್ಲ.

ನೋವಿನ ಬಗ್ಗೆಯೂ ಹೇಳಲೇಬೇಕು. ಮರುದಿನ ಮೈ ಹಿಡಿದುಕೊಂಡರೆ ಮಾತ್ರ ವ್ಯಾಯಾಮ ಸರಿಯಾಗಿ ಆಯಿತು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಹುಡುಗರು ನೋವನ್ನು ಹುಡುಕಿಕೊಂಡು ಹೋಗುತ್ತಾರೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರನ್ನು ಕೇಳಿ ನೋಡಿ. ಹತ್ತುವಾಗ ಏದುಸಿರು, ಎದೆಬಡಿತ. ಆದರೆ ಹತ್ತಿ ಬಸ್ಸಿನಲ್ಲಿ ಇಳಿದು ಬಂದವರಿಗೆ ಮರುದಿನ ಅಷ್ಟೇನೂ ತೊಂದರೆ ಇರುವುದಿಲ್ಲ. ಅದೇ ಮೆಟ್ಟಿಲುಗಳನ್ನು ಇಳಿದು ಬಂದವರಿಗೆ ಮರುದಿನ, ಅದರ ಮರುದಿನ, ಕುಳಿತಲ್ಲಿಂದ ಏಳಲು ತೊಡೆ ಬಿಡುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಯ ಭಾರ ತಡೆಯಬೇಕು. ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ. ಭಾರವನ್ನು ನಿಧಾನಕ್ಕೆ ಕೆಳಗಿಳಿಸುವ ಎಲ್ಲ ಕಸರತ್ತಿನಲ್ಲೂ ಇದೇ ನಡೆಯುತ್ತದೆ. ತಡವಾಗಿ ಬರುವ ಈ ನೋವನ್ನು ಅಮೆರಿಕದ ಥಿಯೋಡರ್ ಹಫ್ ಎಂಬ ವಿಜ್ಞಾನಿ 1902ರಲ್ಲೇ ವಿವರವಾಗಿ ದಾಖಲಿಸಿದ್ದರು. ಇದು ಒಂದರಿಂದ ಮೂರು ದಿನದ ನಡುವೆ ತಾರಕಕ್ಕೇರಿ ತಾನಾಗಿ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಎಂದು ಜಿಮ್ಮುಗಳಲ್ಲಿ ಹೇಳುವುದು ಸರಿಯಲ್ಲ, ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ತೊಲಗಿರುತ್ತದೆ. ಒಂದು ವಾರ ಬಿಟ್ಟು ಅದೇ ಮೆಟ್ಟಿಲು ಇಳಿದರೆ ನೋವು ಬಹಳ ಕಡಿಮೆ. ಶ್ರಮ ಅಷ್ಟೇ ಇದ್ದರೂ ನೋವು ಕಡಿಮೆಯಾಗುತ್ತದೆ ಎಂದ ಮೇಲೆ ನೋವು ಶ್ರಮದ ಅಳತೆಗೋಲು ಹೇಗಾದೀತು?

ಹಾಗಾದರೆ ವಾರಕ್ಕೆ ಎಷ್ಟು ದಿನ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಮೈಯ ದೊಡ್ಡ ಸ್ನಾಯುಗಳಿಗೆಲ್ಲ ಬಲ ಬರುವಂಥ ವ್ಯಾಯಾಮ ಮಾಡಬೇಕು. ಇದು ನಡಿಗೆ, ಸೈಕಲ್ ಮುಂತಾದವಕ್ಕೆ ಹೇಳಿರುವ 150ರಿಂದ 300 ನಿಮಿಷಗಳ ಜೊತೆಗೆ. ಹೊಸಬರು ಎರಡು ಅಥವಾ ಮೂರು ದಿನಕ್ಕೆ ನಿಲ್ಲಿಸಬೇಕು ಎಂಬುದು ಕ್ರೀಡಾವೈದ್ಯರ ಸಾಮಾನ್ಯ ಸಲಹೆ. ಮಂಗಳವಾರ ಮತ್ತು ಶುಕ್ರವಾರ ಎಂದಿಟ್ಟುಕೊಂಡರೆ ನಡುವೆ ಒಮ್ಮೆ ಎರಡು ದಿನ, ಒಮ್ಮೆ ಮೂರು ದಿನ ಬಿಡುವು ಸಿಗುತ್ತದೆ. ಕಚೇರಿಗೆ ಹೋಗುವವರಿಗೆ, ಮನೆ ನಡೆಸುವ ಹೆಣ್ಣುಮಕ್ಕಳಿಗೆ, ಐವತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ. ಒಂದೊಂದು ದಿನವೂ ಪೂರ್ತಿ ಮೈಗೆ ಕೆಲಸ: ಒಂದು ಬಸ್ಕಿ, ಒಂದು ದೂಡುವ ಕಸರತ್ತು, ಒಂದು ಎಳೆಯುವ ಕಸರತ್ತು, ಸೊಂಟಕ್ಕೆ ಒಂದು. ಮುಕ್ಕಾಲು ಗಂಟೆ ಧಾರಾಳ ಸಾಕು. ಮೂರು ದಿನ ಬೇಕೆನ್ನುವವರು ಸೋಮ, ಬುಧ, ಶುಕ್ರ ಇಟ್ಟುಕೊಳ್ಳಬಹುದು. ನಾಲ್ಕು ದಿನ ಮಾಡುವ ಅನುಭವಿಗಳು ಒಂದು ದಿನ ಸೊಂಟದ ಮೇಲೆ, ಇನ್ನೊಂದು ದಿನ ಸೊಂಟದ ಕೆಳಗೆ ಎಂದು ಹಂಚಿಕೊಂಡರೆ ಪ್ರತಿ ಭಾಗಕ್ಕೂ ಬಿಡುವು ಸಿಕ್ಕೇ ಸಿಗುತ್ತದೆ.

ಸೋಮವಾರ ಒಪ್ಪತ್ತು ಇರುವವರು, ಶನಿವಾರ ಉಪವಾಸ ಮಾಡುವವರು ಆ ದಿನವನ್ನು ಬಿಡುವಿಗೆ ಕೊಟ್ಟುಬಿಡಿ. ರಂಜಾನ್ ತಿಂಗಳಲ್ಲಿ ರೋಜಾ ಇರುವ ಹುಡುಗರಿಗೆ ನಾನು ಹೇಳುವುದು, ಇಫ್ತಾರ್ ಆಗಿ ಸ್ವಲ್ಪ ಹೊತ್ತು ಕಳೆದ ಮೇಲೆ, ವಾರಕ್ಕೆ ಎರಡೇ ಸಲ ಮಾಡಿ. ಆ ತಿಂಗಳು ಉಳಿಸಿಕೊಂಡರೆ ಸಾಕು, ಬೆಳೆಸಲು ಮುಂದಿನ ತಿಂಗಳಿದೆ.

ಪೊಲೀಸ್ ಪರೀಕ್ಷೆಗೆ ತಯಾರಾಗುವವರ ವಾರ ಸ್ವಲ್ಪ ತೊಡಕಿನದು, ಯಾಕೆಂದರೆ ಓಟವೂ ಬೇಕು, ಬಲವೂ ಬೇಕು, ಎರಡಕ್ಕೂ ದುಡಿಯುವುದು ಅದೇ ಕಾಲು. ಇಲ್ಲಿ ನಾನು ಅನುಸರಿಸುವ ದಾರಿ ಒಂದೇ. ಕಷ್ಟದ ಕೆಲಸಗಳನ್ನೆಲ್ಲ ಒಂದೇ ದಿನಕ್ಕೆ ಒಟ್ಟು ಹಾಕುವುದು, ಹಗುರದ ದಿನವನ್ನು ನಿಜಕ್ಕೂ ಹಗುರವಾಗಿ ಬಿಡುವುದು. ಸೋಮವಾರ ಬೆಳಿಗ್ಗೆ 400 ಮೀಟರಿನ ಜೋರಾದ ಓಟಗಳು, ಸಂಜೆ ಭಾರ. ಮಂಗಳವಾರ ಪಕ್ಕದವರ ಜೊತೆ ಮಾತಾಡುತ್ತ ಓಡಬಹುದಾದಷ್ಟು ನಿಧಾನದ ಓಟ, ಆಮೇಲೆ ಹಗುರ ಗುಂಡಿನಲ್ಲಿ ಬರೀ ವರಸೆ ತಿದ್ದಿಕೊಳ್ಳುವುದು. ಬುಧವಾರ ಪೂರ್ತಿ ರಜೆ. ಗುರುವಾರ ಜಿಗಿತ, ಗುಂಡು, ಸಂಜೆ ಮತ್ತೆ ಭಾರ. ಶುಕ್ರವಾರ ನಡಿಗೆ, ಮೈ ಸಡಿಲಿಸುವುದು. ಶನಿವಾರ ಗಡಿಯಾರ ಹಿಡಿದು 1600 ಮೀಟರ್. ಭಾನುವಾರ ಮನೆ. ಭಾರದ ದಿನ ಎರಡೇ ಆಯಿತಲ್ಲ ಎಂದು ಹುಡುಗರು ಮುಖ ಸಣ್ಣ ಮಾಡುತ್ತಾರೆ. ಎರಡು ದಿನ ಮನಸಿಟ್ಟು ಮಾಡಿದ್ದು ಆರು ದಿನ ಕುಂಟುತ್ತ ಮಾಡಿದ್ದಕ್ಕಿಂತ ಮುಂದೆ ಹೋಗುವುದನ್ನು ಮೈದಾನದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಕಡಿಮೆ ಮಾಡಿದರೆ ಹೆಚ್ಚು ಸಿಗುತ್ತದೆ ಎಂಬುದನ್ನು ಭಾರದ ವ್ಯಾಯಾಮದ ವಿದ್ಯೆಗೆ ಬುನಾದಿ ಹಾಕಿದವರೇ ಕಂಡುಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡು ಬಂದ ಸೈನಿಕರ ಮಂಡಿ, ತೊಡೆಗಳಿಗೆ ಮತ್ತೆ ಬಲ ತರಿಸಲು ತೂಕವನ್ನು ಹಂತಹಂತವಾಗಿ ಏರಿಸುವ ವಿಧಾನವನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ ಪ್ರಕಟಿಸಿದರು. ಆಗ ಅವರು ಹೇಳಿದ್ದು ಹತ್ತತ್ತು ಸಲದ ಏಳರಿಂದ ಹತ್ತು ಸೆಟ್. ಮೂರು ವರ್ಷದ ನಂತರ, 1948ರಲ್ಲಿ, ವಾಟ್ಕಿನ್ಸ್ ಎಂಬವರ ಜೊತೆ ಸೇರಿ ಬರೆದಾಗ ಅಷ್ಟು ಬೇಡ, ಒಟ್ಟು ಇಪ್ಪತ್ತರಿಂದ ಮೂವತ್ತು ಸಲ ಸಾಕು ಎಂದು ತಿದ್ದಿದರು. ಇಂದಿಗೂ ಊರೂರ ಜಿಮ್ಮಿನಲ್ಲಿ ಕೇಳಿಸುವ "ಹತ್ತರ ಮೂರು ಸೆಟ್" ಎಂಬ ಮಾತು ಆ ತಿದ್ದುಪಡಿಯ ಫಲ.

ಇಲ್ಲಿ ಒಂದು ಪ್ರಶ್ನೆ ನ್ಯಾಯವಾಗಿ ಏಳುತ್ತದೆ. ನಮ್ಮ ಗರಡಿಮನೆಗಳ ಪೈಲ್ವಾನರು ದಿನಾ ಸಾಮು ಮಾಡುತ್ತಿರಲಿಲ್ಲವೇ? ನೂರುಗಟ್ಟಲೆ ದಂಡ, ನೂರುಗಟ್ಟಲೆ ಬಸ್ಕಿ, ಗದೆ ತಿರುವುವುದು, ಗುದ್ದಲಿ ಹಿಡಿದು ಮಟ್ಟಿ ಅಗೆಯುವುದು ಎಲ್ಲವೂ ನಿತ್ಯ ಇತ್ತಲ್ಲ? ಇತ್ತು. ಆದರೆ ಆ ಬದುಕಿನ ಉಳಿದ ಭಾಗವನ್ನೂ ನೋಡಬೇಕು. ಅರಮನೆಯ ಆಶ್ರಯವೋ ಊರವರ ಪೋಷಣೆಯೋ ಇದ್ದ ಪೈಲ್ವಾನನಿಗೆ ಕುಸ್ತಿಯೇ ಕಸುಬು. ಬೆಳಗಿನ ಸಾಮು ಮುಗಿದ ಮೇಲೆ ಹಾಲು, ತುಪ್ಪ, ಬಾದಾಮಿ, ಮಾಲೀಸು, ಮಧ್ಯಾಹ್ನದ ನಿದ್ದೆ. ಎಳೆಯ ವಯಸ್ಸಿನಿಂದ ವರ್ಷಗಟ್ಟಲೆ ಹದಗೊಂಡ ಮೈ. ಎತ್ತುತ್ತಿದ್ದುದೂ ಬಹುಮಟ್ಟಿಗೆ ತನ್ನ ಮೈಭಾರವನ್ನೇ. ಗರಡಿಯ ಗುರುಗಳಾದ ವಸ್ತಾದರು ಒಬ್ಬೊಬ್ಬನ ಮುಖ ನೋಡಿ ಇವತ್ತು ಜೋಡಿ ಕುಸ್ತಿ ಬೇಡ, ಕೂತು ನೋಡು ಎನ್ನುತ್ತಿದ್ದರು. ಅವರ ಸಾಮನ್ನು ಮಾತ್ರ ಎರವಲು ತಂದು, ಅವರ ಊಟ, ನಿದ್ದೆ, ವಸ್ತಾದರ ಕಣ್ಣು ಮೂರನ್ನೂ ಅಲ್ಲೇ ಬಿಟ್ಟು ಬಂದರೆ ಮೈ ತಡೆಯುವುದಿಲ್ಲ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಬಹಳ ಎಚ್ಚರದಿಂದ ಬರೆದಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಹನ್ನೆರಡನೆಯ ಶತಮಾನದ ಗ್ರಂಥ. ಮಲ್ಲರನ್ನು ಕುರಿತ ಭಾಗದಲ್ಲಿ ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬವೇರುವುದು ಎಂದು ಶ್ರಮವನ್ನು ಬಗೆಬಗೆಯಾಗಿ ಬಿಡಿಸಿ ಹೇಳಿದೆ. ಒಂದೇ ಕೆಲಸವನ್ನು ಅರೆದು ಅರೆದು ಮಾಡಿಸುವ ಪದ್ಧತಿ ಅಲ್ಲಿ ಕಾಣುವುದಿಲ್ಲ. ಅದಕ್ಕೂ ಹಿಂದಿನ ವಾಗ್ಭಟನ 'ಅಷ್ಟಾಂಗಹೃದಯ' ಬಲಶಾಲಿಗಳು ಕೂಡ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆನ್ನುತ್ತದೆ, ಅದೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅರ್ಧ ಶಕ್ತಿ ಮುಗಿಯಿತೆಂದು ತಿಳಿಯುವುದು ಹೇಗೆ? ಉಸಿರು ಬಾಯಿಗೆ ಬರುವುದೇ ಗುರುತು ಎನ್ನುತ್ತದೆ ಸುಶ್ರುತ ಸಂಹಿತೆ. ಇವತ್ತಿನ ತರಬೇತುದಾರರು ಇನ್ನೆರಡು ಸಲ ಎತ್ತಬಹುದು ಎನ್ನುವಾಗಲೇ ಭಾರ ಕೆಳಗಿಡಿ ಎನ್ನುತ್ತಾರೆ. ಎರಡೂ ಒಂದೇ ಮಾತಲ್ಲ, ಆದರೆ ಮೈಯ ಬೊಕ್ಕಸವನ್ನು ಪೂರ್ತಿ ಬರಿದು ಮಾಡಬಾರದೆಂಬ ಕಾಳಜಿ ಎರಡರಲ್ಲೂ ಇದೆ. ಬೇಸಿಗೆಯಲ್ಲಿ ಕಡಿಮೆ ಮಾಡಿ ಎಂಬ ಮಾತನ್ನಂತೂ ರಾಯಚೂರು, ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಇದ್ದವರು ಯಾರೂ ಅಲ್ಲಗಳೆಯಲಾರರು.

ಈಗ ನಾನು ಬಹಳ ಮುಖ್ಯವೆಂದು ಭಾವಿಸುವ ಒಂದು ವಿಷಯಕ್ಕೆ ಬರುತ್ತೇನೆ. ಜಿಮ್ಮಿನ ಗೋಡೆಯ ಮೇಲಿನ ಪಟ್ಟಿಗಳು, ಮೊಬೈಲಿನಲ್ಲಿ ಬರುವ ರೀಲ್ಸುಗಳು ಎಲ್ಲವೂ ದಿನವಿಡೀ ಕುರ್ಚಿಯಲ್ಲಿ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ನಮ್ಮ ಕೇಳುಗರಲ್ಲಿ ಅನೇಕರ ದಿನ ಹಾಗಿಲ್ಲ. ಬೆಳಗಿನಿಂದ ನಾಟಿ ಹಾಕಿ ಬಂದ ಹೆಂಗಸಿನ ಸೊಂಟ ಆಗಲೇ ಸಾಮು ಮಾಡಿ ಮುಗಿಸಿರುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರಿಗೆ, ಐವತ್ತು ಕಿಲೋ ಸಿಮೆಂಟು ಚೀಲ ಇಳಿಸುವವರಿಗೆ, ಕಬ್ಬು ಕಡಿಯುವವರಿಗೆ ಆ ದಿನದ ಭಾರದ ಲೆಕ್ಕ ಆಗಲೇ ಬಿದ್ದಿರುತ್ತದೆ. ಅಂಥ ಮನೆಯ ಹುಡುಗ ಅಪ್ಪನ ಜೊತೆ ಹೊಲದಲ್ಲಿ ದುಡಿದು ಬಂದು ಸಂಜೆ ಬೆಂಗಳೂರಿನ ಯಾರದೋ ಪಟ್ಟಿಯನ್ನು ಹಿಡಿದು ಸ್ಕ್ವಾಟ್ ಮಾಡಿದರೆ ಅದು ಎರಡನೆಯ ಸಾಮು. ಸುಗ್ಗಿಯಲ್ಲಿ, ನಾಟಿಯಲ್ಲಿ ಭಾರದ ದಿನವನ್ನು ವಾರಕ್ಕೆ ಒಂದಕ್ಕಿಳಿಸಿ. ಏನೂ ನಷ್ಟವಾಗುವುದಿಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾರಕ್ಕೆ ಮೂರು ದಿನದಂತೆ 16 ವಾರ ಮಾಡಿ ಬಲ ಗಳಿಸಿದವರು, ಆಮೇಲೆ ವಾರಕ್ಕೆ ಒಂದೇ ದಿನ ಮಾಡಿಯೂ ಆ ಬಲವನ್ನು 32 ವಾರ ಬಹುಮಟ್ಟಿಗೆ ಉಳಿಸಿಕೊಂಡರು. ಒಂದೇ ಷರತ್ತು, ಎತ್ತುವ ತೂಕ ಇಳಿಸಬಾರದು, ದಿನಗಳನ್ನಷ್ಟೇ ಇಳಿಸಬೇಕು. ವಯಸ್ಸಾದವರ ಸ್ನಾಯುವಿನ ಗಾತ್ರ ಉಳಿಯಲು ಮಾತ್ರ ಇದಕ್ಕಿಂತ ಹೆಚ್ಚು ಬೇಕಾಯಿತು.

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳದು ಬೇರೆಯದೇ ಲೆಕ್ಕ. ಕತ್ತು, ಹೆಗಲು ದುಡಿದು ಸೋತಿರುತ್ತವೆ. ತೊಡೆ, ಬೆನ್ನು ದುಡಿಯದೆ ಸೋತಿರುತ್ತವೆ. ಅವರಿಗೆ ವಾರದ ಎರಡು ದಿನ ಇಪ್ಪತ್ತೇ ನಿಮಿಷ ಬಸ್ಕಿಯೂ, ಬೆನ್ನಿನ ಕಸರತ್ತೂ ಸಿಕ್ಕರೆ ದೊಡ್ಡ ಉಪಕಾರ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ ಬಸ್ಸು ಹಿಡಿಯುವವರಿಗೆ ಅದಕ್ಕಿಂತ ಹೆಚ್ಚು ಹೇಳುವುದು ನ್ಯಾಯವೂ ಅಲ್ಲ. ಆ ಇಪ್ಪತ್ತು ನಿಮಿಷ ಮನೆಯ ಉಳಿದವರು ಪಾತ್ರೆ ತೊಳೆದರೆ ಸಿಗುತ್ತದೆ.

ಎಪ್ಪತ್ತು ದಾಟಿದವರು ಇದೆಲ್ಲ ತಮಗಲ್ಲ ಎಂದು ರೇಡಿಯೋ ತಿರುಗಿಸಬೇಡಿ. ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸುಮಾರು ತೊಂಬತ್ತು ವರ್ಷದ ಹತ್ತು ಜನರಿಗೆ, ವಾರಕ್ಕೆ ಮೂರು ಸಲ, ಎಂಟು ವಾರ, ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೊನೆಯವರೆಗೆ ಉಳಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತ್ತು. ನೆನಪಿಡಬೇಕಾದ್ದು, ಅಲ್ಲಿಯೂ ಮೂರೇ ದಿನ, ಪಕ್ಕದಲ್ಲಿ ನೋಡಿಕೊಳ್ಳುವವರು ಇದ್ದರು. ಮನೆಯಲ್ಲಿ ಶುರುಮಾಡುವವರು ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈ ಊರದೆ ಎದ್ದು ಕೂರುವುದನ್ನು ಎಂಟು ಹತ್ತು ಸಲ ಮಾಡಿ. ಉಸಿರು ಬಿಗಿಹಿಡಿಯಬೇಡಿ. ಬಿಪಿ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ. ವಯಸ್ಸಾದಂತೆ ಚೇತರಿಕೆ ನಿಧಾನ, ಆದ್ದರಿಂದ ಒಂದು ದಿನದ ಬದಲು ಎರಡು ದಿನ ಬಿಟ್ಟರೂ ತಪ್ಪಿಲ್ಲ.

ಬಿಡುವಿನ ದಿನ ಎಂದರೆ ಚಾಪೆಗೆ ಅಂಟಿಕೊಳ್ಳುವ ದಿನ ಅಲ್ಲ. ನಡೆಯಿರಿ, ಕೆರೆ ಏರಿಯ ಮೇಲೆ ಅಡ್ಡಾಡಿ ಬನ್ನಿ. ಅಂದಿನ ನಿಜವಾದ ಕೆಲಸ ಊಟ ಮತ್ತು ನಿದ್ದೆ. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಭಾರದ ವ್ಯಾಯಾಮ ಮಾಡುವವರಿಗೆ ಒಂದೂವರೆ ಗ್ರಾಂ ಆಸುಪಾಸು ಬೇಕಾಗುತ್ತದೆ. ಅಂದರೆ 60 ಕಿಲೋ ತೂಗುವ ಹುಡುಗನಿಗೆ ಸುಮಾರು 90 ಗ್ರಾಂ. ರಾಗಿ ಮುದ್ದೆ ಶಕ್ತಿ ಕೊಡುತ್ತದೆ, ಸುಣ್ಣದ ಅಂಶ ಕೊಡುತ್ತದೆ, ಆದರೆ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನು ಏಳು ಗ್ರಾಂ ಅಷ್ಟೇ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂ ಮೀರುತ್ತದೆ. ಮುದ್ದೆಯ ಜೊತೆ ತಿಳಿ ಸಾರಿನ ಬದಲು ಗಟ್ಟಿ ಹುರುಳಿ ಬಸ್ಸಾರು, ಮೊಳಕೆ ಕಾಳಿನ ಉಸಲಿ, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಡಬ್ಬಿಯ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಇಷ್ಟನ್ನು ಸರಿಪಡಿಸಿಕೊಳ್ಳಿ. ಭಾರ ಎತ್ತದ ದಿನ ಕಡಿಮೆ ತಿನ್ನಬೇಕು ಎಂಬುದೂ ತಪ್ಪು; ಮೈ ಕಟ್ಟುವ ಕೆಲಸ ನಡೆಯುತ್ತಿರುವುದೇ ಆ ದಿನ.

ನಿದ್ದೆಯ ವಿಷಯದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 2021ರಲ್ಲಿ ಕಂಡದ್ದು ಎಚ್ಚರಿಸುವಂತಿದೆ. ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಯುವಜನರಲ್ಲಿ ಸ್ನಾಯು ಕಟ್ಟುವ ಕೆಲಸ ಶೇ. 18ರಷ್ಟು ಇಳಿದಿತ್ತು. ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸದವರು, ಆಸ್ಪತ್ರೆಯ ಸಿಬ್ಬಂದಿ, ಬಸ್ಸು ಓಡಿಸುವವರು ತಮ್ಮ ಭಾರದ ದಿನವನ್ನು ವಾರದ ಹೆಸರಿಗೆ ಕಟ್ಟಿಹಾಕದೆ ನಿದ್ದೆಗೆ ಕಟ್ಟಿಕೊಳ್ಳಲಿ. ಚೆನ್ನಾಗಿ ಮಲಗಿ ಎದ್ದ ದಿನ ಎತ್ತಲಿ, ಪಾಳಿ ಮುಗಿಸಿ ಬಂದ ಬೆಳಿಗ್ಗೆ ಬೇಡ.

ಬಿಡುವು ಸಾಲುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಒಂದು ಪೆನ್ನು, ಒಂದು ಹಳೆಯ ನೋಟ್‌ಬುಕ್ಕು ಸಾಕು. ಎತ್ತಿದ ತೂಕ, ಎಷ್ಟು ಸಲ, ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆಯಲ್ಲೇ ಎಣಿಸಿದ ನಾಡಿಬಡಿತ. ಎರಡು ವಾರ ತೂಕ ಏರದೆ ಇಳಿಯುತ್ತಿದ್ದರೆ, ಬೆಳಗಿನ ನಾಡಿ ದಿನವೂ ಎಂದಿಗಿಂತ ಜೋರಾಗಿದ್ದರೆ, ಸಣ್ಣ ಮಾತಿಗೆ ಸಿಡುಕು ಬರುತ್ತಿದ್ದರೆ, ಮಲಗಿದರೂ ನಿದ್ದೆ ಹತ್ತದಿದ್ದರೆ, ಒಂದು ವಾರ ಅರ್ಧಕ್ಕೆ ಇಳಿಸಿ. ಎಲ್ಲ ಸರಿಯಿದ್ದು ಹೇಳಿದ್ದಕ್ಕಿಂತ ಒಂದೆರಡು ಸಲ ಹೆಚ್ಚೇ ಎತ್ತಲು ಆಗುತ್ತಿದ್ದರೆ ಮಾತ್ರ ತೂಕ ಏರಿಸಿ, ಅದೂ ಶೇಕಡಾ ಹತ್ತು ಮೀರದಂತೆ.

ಒಂದು ಲಕ್ಷಣವನ್ನು ಮಾತ್ರ ಮನೆಯಲ್ಲಿ ಕೂತು ನೋಡುತ್ತ ಇರಬಾರದು. ಬಹಳ ದಿನ ಬಿಟ್ಟವರು ಮೊದಲ ದಿನವೇ ಮಿತಿಮೀರಿ ಮಾಡಿದಾಗ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರುವುದುಂಟು. ಕೈಕಾಲು ಊದಿಕೊಂಡು ಸಹಿಸಲಾಗದ ನೋವು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು ಇದರ ಗುರುತು. ಇದು ಮೂತ್ರಪಿಂಡಕ್ಕೆ ಅಪಾಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ವ್ಯಾಯಾಮ ಮಾಡುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತಿ ಬೀಳುವಂತಾಗುವುದು ಕಂಡರೂ ಅಷ್ಟೇ.

ಕೊನೆಯದಾಗಿ, ಕಾಯಿಲೆ ಬಿದ್ದು ಎದ್ದವರ ವಿಷಯ. ಮಳೆಗಾಲ ಬಂತೆಂದರೆ ಡೆಂಗಿ, ವೈರಲ್ ಜ್ವರ. ಜ್ವರ ಇರುವಾಗ ಬೆವರು ಹರಿಸಿದರೆ ಬಿಡುತ್ತದೆ ಎಂದು ಮೈದಾನಕ್ಕೆ ಬರುವ ಹುಡುಗರಿದ್ದಾರೆ; ದಯವಿಟ್ಟು ಬರಬೇಡಿ, ಜ್ವರದಲ್ಲಿ ಹೃದಯಕ್ಕೆ ಅಂಥ ಹೊರೆ ಕೊಡಬಾರದು. ಜ್ವರ ಬಿಟ್ಟು, ಊಟ ಸೇರಿ, ಮೆಟ್ಟಿಲು ಹತ್ತಿದರೆ ಮೊದಲಿನಂತೆ ಅನ್ನಿಸಿದ ಮೇಲೆ ಶುರುಮಾಡಿ. ಡೆಂಗಿಯಾಗಿದ್ದರೆ ವೈದ್ಯರು ಆಗಲಿ ಎಂದ ಮೇಲೆ. ಮೊದಲ ವಾರ ಹಿಂದೆ ಎತ್ತುತ್ತಿದ್ದುದರ ಅರ್ಧ ತೂಕ, ಎರಡೇ ದಿನ, ಒಂದೊಂದು ಕಸರತ್ತಿಗೆ ಒಂದೇ ಸೆಟ್. ಎರಡನೆಯ ವಾರ ಎರಡು ಸೆಟ್. ಮೂರನೆಯ ವಾರದಿಂದ ತೂಕ ಸ್ವಲ್ಪ ಸ್ವಲ್ಪವಾಗಿ ಏರಲಿ. ಎರಡು ಮೂರು ವಾರ ಬಿಟ್ಟದ್ದರಿಂದ ಬಲ ಹೆಚ್ಚೇನೂ ಕರಗಿರುವುದಿಲ್ಲ, ಒಮ್ಮೆ ಕಲಿತ ಸ್ನಾಯು ಎರಡನೆಯ ಸಲ ಬೇಗ ಮೇಲೇಳುತ್ತದೆ. ಪರೀಕ್ಷೆಯ ದಿನಾಂಕ ಹತ್ತಿರವಿದ್ದರೂ ಈ ಮೂರು ವಾರಗಳನ್ನು ಕತ್ತರಿಸಬೇಡಿ. ಕ್ರೀಡಾಂಗಣದಲ್ಲಿ ನಿಮ್ಮ ಶಿಕ್ಷಕರಿಗೋ ತರಬೇತುದಾರರಿಗೋ ಜ್ವರ ಬಂದಿತ್ತೆಂದು ಮುಚ್ಚಿಡದೆ ಹೇಳಿ, ಅವರು ನಿಮ್ಮ ವಾರವನ್ನು ಅದಕ್ಕೆ ತಕ್ಕಂತೆ ಬರೆದುಕೊಡುತ್ತಾರೆ.